ಸ್ವದೇಶದ ಮುಚ್ಚಿದ ಬಾಗಿಲು, ಪರದೇಶದ ತೆರೆದ ಬಾಗಿಲು: ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಕಪ್ಪು ಅಮೆರಿಕನ್ ವಿದ್ಯಾರ್ಥಿಗಳು (1832–1910)

ಅಮೆರಿಕದ ವಿದ್ಯಾರ್ಥಿಗಳು ಉನ್ನತ ವ್ಯಾಸಂಗಕ್ಕಾಗಿ ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಅರ್ಜಿ ಸಲ್ಲಿಸುವುದು ಇಂದು ವಿಶೇಷವೆನಿಸದು. ಪ್ರತಿವರ್ಷವೂ ಸಾವಿರಾರು ಮಂದಿ ಅಟ್ಲಾಂಟಿಕ್ ದಾಟಿ ಆಕ್ಸ್‌ಫರ್ಡ್, ಕೇಂಬ್ರಿಜ್, ಲಂಡನ್, ಎಡಿನ್‌ಬರೋಗಳಿಗೆ ಹೋಗುತ್ತಾರೆ. ಕೀರ್ತಿ, ಕಡಿಮೆ ಅವಧಿಯ ಪದವಿ, ವಿದ್ಯಾರ್ಥಿವೇತನ ಇವೇ ಸಾಮಾನ್ಯವಾಗಿ ಅವರ ಪಯಣಕ್ಕೆ ಪ್ರೇರಣೆ. ಆದರೆ ಈ ಪಯಣದ ಚರಿತ್ರೆಯಲ್ಲಿ ಧರ್ಮಸಭೆಯ ಚರಿತ್ರೆಯನ್ನು ಓದುವವರು ನಿಂತು ನೋಡಬೇಕಾದ ಅಧ್ಯಾಯವೊಂದಿದೆ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಕೆಲವು ಅಮೆರಿಕನ್ ಯುವಕರು ಬ್ರಿಟನ್ನಿಗೆ ಹೋದದ್ದು ಕೀರ್ತಿಯನ್ನು ಅರಸಿಕೊಂಡಲ್ಲ. ತಮ್ಮ ನಾಡಿನ ಕಾಲೇಜುಗಳೂ ಗುರುಮಠಗಳೂ ಅವರ ಮೈಬಣ್ಣವನ್ನು ನೋಡಿ ಬಾಗಿಲು ಮುಚ್ಚಿದ್ದವು. ಬಾಗಿಲು ಮುಚ್ಚಿದವರಲ್ಲಿ ಧರ್ಮಾಧ್ಯಕ್ಷರೂ ಇದ್ದರು ಎಂಬುದೇ ಈ ಲೇಖನಕ್ಕೆ ಕಾರಣ.

1. ಗ್ಲಾಸ್ಗೋ: ಒಬ್ಬ ವೈದ್ಯನ ವ್ಯಾಸಂಗ

ಜೇಮ್ಸ್ ಮೆಕ್ಯೂನ್ ಸ್ಮಿತ್ 1813ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಗುಲಾಮಳಾಗಿದ್ದ ತಾಯಿಯ ಮಗನಾಗಿ ಜನಿಸಿದನು. ನ್ಯೂಯಾರ್ಕ್ ರಾಜ್ಯವು 1827ರಲ್ಲಿ ಗುಲಾಮಗಿರಿಯನ್ನು ಕೊನೆಗೊಳಿಸಿದಾಗ ಅವನು ಕಾನೂನಿನ ದೃಷ್ಟಿಯಲ್ಲಿ ಸ್ವತಂತ್ರನಾದನು. ಕಪ್ಪು ಮಕ್ಕಳಿಗಾಗಿ ನಡೆಯುತ್ತಿದ್ದ ಆಫ್ರಿಕನ್ ಫ್ರೀ ಸ್ಕೂಲಿನಲ್ಲಿ ಪ್ರತಿಭಾವಂತನೆನಿಸಿಕೊಂಡರೂ ವೈದ್ಯಶಾಸ್ತ್ರ ಕಲಿಯಬೇಕೆಂಬ ಅವನ ಬಯಕೆಗೆ ಕೊಲಂಬಿಯಾ ಕಾಲೇಜು ಒಪ್ಪಲಿಲ್ಲ. ಜಿನೀವಾದ ವೈದ್ಯಕೀಯ ಶಾಲೆಯೂ ಒಪ್ಪಲಿಲ್ಲ. ಆಗ ಅವನ ಕೈಹಿಡಿದವರು ನ್ಯೂಯಾರ್ಕಿನ ಸಂತ ಫಿಲಿಪ್ಪರ ದೇವಾಲಯದ ಕಪ್ಪು ವರ್ಣದ ಯಾಜಕ ಪೀಟರ್ ವಿಲಿಯಮ್ಸ್ ಮತ್ತು ಗುಲಾಮಗಿರಿ ವಿರೋಧಿ ಮಿತ್ರರು. ಅವರ ನೆರವಿನಿಂದ 1832ರಲ್ಲಿ ಸ್ಮಿತ್ ಗ್ಲಾಸ್ಗೋ ವಿಶ್ವವಿದ್ಯಾಲಯವನ್ನು ಸೇರಿದನು.

ಗ್ಲಾಸ್ಗೋವನ್ನೇ ಆಯ್ದುಕೊಳ್ಳಲು ಕಾರಣಗಳಿದ್ದವು. ಆ ಕಾಲದ ಆಕ್ಸ್‌ಫರ್ಡಿನಲ್ಲಿ ಹೆಸರು ದಾಖಲಿಸಬೇಕಾದರೆ ಆಂಗ್ಲಿಕನ್ ಸಭೆಯ 39 ವಿಶ್ವಾಸಸೂತ್ರಗಳಿಗೆ ಸಹಿ ಹಾಕಬೇಕಿತ್ತು. ಕೇಂಬ್ರಿಜ್‌ನಲ್ಲಿ ಓದಬಹುದಾಗಿದ್ದರೂ ಪದವಿ ಪಡೆಯುವ ವೇಳೆಗೆ ತಾನು ಆ ಸಭೆಯ ಸದಸ್ಯನೆಂದು ಘೋಷಿಸಬೇಕಿತ್ತು. ಸ್ಕಾಟ್ಲೆಂಡಿನ ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗಳ ಮೇಲೆ ಇಂಥ ಪರೀಕ್ಷೆಯನ್ನು ಹೇರಿರಲಿಲ್ಲ. ಅಲ್ಲಿ ಶುಲ್ಕವೂ ಕಡಿಮೆ. ವೈದ್ಯಶಾಸ್ತ್ರದ ಬೋಧನೆಗೆ ಯೂರೋಪಿನಲ್ಲೇ ಹೆಸರಿತ್ತು. ಸ್ಮಿತ್ 1835ರಲ್ಲಿ ಬಿ.ಎ., 1836ರಲ್ಲಿ ಎಂ.ಎ., 1837ರಲ್ಲಿ ಎಂ.ಡಿ. ಪದವಿಗಳನ್ನು ಪಡೆದನು. ವೈದ್ಯಕೀಯ ಪದವಿ ಗಳಿಸಿದ ಮೊದಲ ಆಫ್ರಿಕನ್ ಅಮೆರಿಕನ್ ಅವನೇ.

ಸ್ವದೇಶಕ್ಕೆ ಮರಳಿದ ಡಾ. ಸ್ಮಿತ್ ನ್ಯೂಯಾರ್ಕಿನಲ್ಲಿ ಚಿಕಿತ್ಸಾಲಯವನ್ನೂ ಔಷಧದ ಅಂಗಡಿಯನ್ನೂ ನಡೆಸಿದರು. ಕಪ್ಪು ಮಕ್ಕಳ ಅನಾಥಾಲಯಕ್ಕೆ ವೈದ್ಯರಾದರು. 1840ರ ಅಮೆರಿಕದ ಜನಗಣತಿಯು ಸ್ವತಂತ್ರರಾದ ಕಪ್ಪುಜನರಲ್ಲಿ ಬುದ್ಧಿವಿಕಲತೆ ಹೆಚ್ಚೆಂದು ತೋರಿಸಿದಾಗ ಗುಲಾಮಗಿರಿಯ ಸಮರ್ಥಕರು ಅದನ್ನು ಆಯುಧವಾಗಿ ಬಳಸಿದರು. ಕಪ್ಪುಜನರೇ ವಾಸಿಸದ ಊರುಗಳಲ್ಲಿ ಕಪ್ಪು ಬುದ್ಧಿವಿಕಲರನ್ನು ಆ ಗಣತಿ ಎಣಿಸಿದೆಯೆಂದು ಸ್ಮಿತ್ ಅಂಕಿಗಳಿಂದಲೇ ತೋರಿಸಿಕೊಟ್ಟರು. ಗ್ಲಾಸ್ಗೋ ಅವರಿಗೆ ಪದವಿಯ ಜೊತೆಗೆ ಅಂಕಿಸಂಖ್ಯೆಗಳನ್ನು ಪ್ರಶ್ನಿಸುವ ಶಿಸ್ತನ್ನೂ ಕೊಟ್ಟಿತ್ತು.

2. ಗುರುಮಠದ ಬಾಗಿಲಲ್ಲಿ

ವೈದ್ಯಕೀಯ ಶಾಲೆಯ ನಿರಾಕರಣೆಗಿಂತಲೂ ನಮ್ಮನ್ನು ಹೆಚ್ಚು ಕಾಡಬೇಕಾದದ್ದು ಅಲೆಕ್ಸಾಂಡರ್ ಕ್ರಮೆಲ್ ಅವರ ಪ್ರಸಂಗ. 1819ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿದ ಕ್ರಮೆಲ್, 1835ರಲ್ಲಿ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಕೇನನ್ ಎಂಬ ಊರಿನ ನೋಯ್ಸ್ ಅಕಾಡೆಮಿಗೆ ಸೇರಿದರು. ಬಿಳಿಯರೂ ಕರಿಯರೂ ಒಂದೇ ಕೊಠಡಿಯಲ್ಲಿ ಕೂತು ಓದುವುದನ್ನು ಸಹಿಸದ ಸುತ್ತಲಿನ ಜನರು ಆ ವರ್ಷದ ಆಗಸ್ಟ್ ತಿಂಗಳಿನಲ್ಲಿ ಗುಂಪುಗೂಡಿ, ಎತ್ತುಗಳನ್ನು ಹೂಡಿ, ಶಾಲೆಯ ಕಟ್ಟಡವನ್ನೇ ಬುನಾದಿಯಿಂದ ಎಳೆದುಹಾಕಿದರು. ಆ ಊರಿನ ಹೆಸರು ಬೈಬಲಿನ ವಾಗ್ದತ್ತ ನಾಡಾದ ಕಾನಾನಿನದೇ ಎಂಬುದನ್ನು ಓದುಗರು ಗಮನಿಸಬಹುದು.

ಒನೈಡಾ ಸಂಸ್ಥೆಯಲ್ಲಿ ವ್ಯಾಸಂಗ ಮುಗಿಸಿದ ಕ್ರಮೆಲ್ ತಮ್ಮ ದೈವಕರೆಯನ್ನು ಅರಿತು, 1839ರಲ್ಲಿ ಎಪಿಸ್ಕೋಪಲ್ ಸಭೆಯ, ಎಂದರೆ ಅಮೆರಿಕದ ಆಂಗ್ಲಿಕನ್ ಸಭೆಯ, ಜನರಲ್ ಥಿಯಲಾಜಿಕಲ್ ಸೆಮಿನರಿಗೆ ಪ್ರವೇಶ ಕೋರಿದರು. ನ್ಯೂಯಾರ್ಕಿನ ಧರ್ಮಾಧ್ಯಕ್ಷ ಬೆಂಜಮಿನ್ ಆಂಡರ್‌ಡಾಂಕ್ ಮತ್ತು ಆಡಳಿತ ಮಂಡಳಿ ಅದನ್ನು ತಿರಸ್ಕರಿಸಿದರು. ಅರ್ಜಿದಾರನ ವಿಶ್ವಾಸದಲ್ಲಾಗಲಿ ಶೀಲದಲ್ಲಾಗಲಿ ಅವರು ಕೊರತೆಯನ್ನು ಕಂಡಿರಲಿಲ್ಲ. ಯೇಲ್‌ನಲ್ಲಿ ದೈವಶಾಸ್ತ್ರದ ಪಾಠಗಳನ್ನು ಕೇಳಲು ಅವರಿಗೆ ಅವಕಾಶ ದೊರೆಯಿತು. ಆದರೆ ವಿದ್ಯಾರ್ಥಿಯೆಂದು ಹೆಸರು ದಾಖಲಾಗಲಿಲ್ಲ. ಕಿವಿಗೆ ಪ್ರವೇಶವಿತ್ತು, ಹೆಸರಿಗೆ ಇರಲಿಲ್ಲ. ಆ ಹೆಸರನ್ನು ಯೇಲ್ ಪದವಿ ನೀಡಿ ಗೌರವಿಸಿದ್ದು 2023ರಲ್ಲಿ, ಅವರು ತೀರಿಕೊಂಡು 125 ವರ್ಷಗಳಾದ ಮೇಲೆ.

ಗುರುಮಠದ ಹೊರಗೇ ಸಿದ್ಧರಾದ ಕ್ರಮೆಲ್ 1842ರಲ್ಲಿ ಡೀಕನ್ ಪಟ್ಟವನ್ನೂ 1844ರಲ್ಲಿ ಗುರುದೀಕ್ಷೆಯನ್ನೂ ಪಡೆದರು. ಫಿಲಡೆಲ್ಫಿಯಾದಲ್ಲಿ ಸೇವೆ ಸಲ್ಲಿಸಬಯಸಿದಾಗ ಅಲ್ಲಿನ ಧರ್ಮಾಧ್ಯಕ್ಷರು, ನ್ಯೂಯಾರ್ಕಿನ ಆಂಡರ್‌ಡಾಂಕರ ಅಣ್ಣ ಹೆನ್ರಿ, ಒಂದು ಷರತ್ತನ್ನು ಮುಂದಿಟ್ಟರು: ಕ್ರಮೆಲ್ ಧರ್ಮಪ್ರಾಂತ್ಯದ ಸಮ್ಮೇಳನದಲ್ಲಿ ತಮಗಾಗಲಿ ತಮ್ಮ ಸಭೆಗಾಗಲಿ ಸ್ಥಾನವನ್ನು ಕೇಳಬಾರದು. ಆ ಷರತ್ತಿನ ಮೇಲೆ ತಾನು ಪ್ರಾಂತ್ಯವನ್ನು ಪ್ರವೇಶಿಸಲಾರೆನೆಂದು ಕ್ರಮೆಲ್ ಉತ್ತರಿಸಿದರು. ಡಬ್ಲ್ಯು. ಇ. ಬಿ. ಡು ಬೋಯ್ಸ್ 1903ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಕ್ರಮೆಲ್ ಅವರಿಗೇ ಒಂದು ಅಧ್ಯಾಯವನ್ನು ಮೀಸಲಿಟ್ಟು ಈ ಭೇಟಿಯನ್ನು ಚಿತ್ರಿಸಿದ್ದಾರೆ.

ಇಲ್ಲಿ ಒಂದು ದೈವಶಾಸ್ತ್ರೀಯ ವಿರೋಧಾಭಾಸವಿದೆ. ಬಲಿಪೀಠದ ಬಳಿ ನಿಲ್ಲಲು ಅರ್ಹನಾದವನು ಸಭೆಯ ಸಮಾಲೋಚನೆಯಲ್ಲಿ ಕೂರಲು ಅನರ್ಹನೆಂಬ ವಾದವು, ಗುರುದೀಕ್ಷೆಯ ಮುದ್ರೆಯನ್ನು ಬಾಯಲ್ಲಿ ಒಪ್ಪಿ ವ್ಯವಹಾರದಲ್ಲಿ ಅಳಿಸುತ್ತದೆ.

3. ಕೇಂಬ್ರಿಜ್‌ನ ಆತಿಥ್ಯ

1848ರಲ್ಲಿ ಕ್ರಮೆಲ್ ಇಂಗ್ಲೆಂಡಿಗೆ ಹೋದದ್ದು ನ್ಯೂಯಾರ್ಕಿನ ತಮ್ಮ ಬಡ ಸಭೆಗೆ ದೇವಾಲಯ ಕಟ್ಟಲು ಹಣ ಸಂಗ್ರಹಿಸುವುದಕ್ಕಾಗಿ. ಅವರ ಉಪನ್ಯಾಸಗಳನ್ನು ಕೇಳಿದ ಇವ್ಯಾಂಜೆಲಿಕಲ್ ಪಂಗಡದ ಆಂಗ್ಲಿಕನ್ ಮಿತ್ರರು ಅವರ ವ್ಯಾಸಂಗಕ್ಕೂ ನಿಧಿ ಕೂಡಿಸಿದರು. 1849ರಲ್ಲಿ ಕೇಂಬ್ರಿಜ್‌ನ ಕ್ವೀನ್ಸ್ ಕಾಲೇಜು ಅವರನ್ನು ಸೇರಿಸಿಕೊಂಡಿತು. ಆಗ ಅವರಿಗೆ 30 ವರ್ಷ. ಪತ್ನಿಯೂ ಮಕ್ಕಳೂ ಇದ್ದ ಗೃಹಸ್ಥ ಯಾಜಕ. ಗ್ರೀಕ್ ಭಾಷೆಯ ಶುಭಸಂದೇಶ, ಪೇಲಿಯ ಕ್ರೈಸ್ತಧರ್ಮ ಸಮರ್ಥನೆ, ಪ್ರಾಚೀನ ಸಾಹಿತ್ಯ, ಗಣಿತ ಇವು ಅಲ್ಲಿನ ಪಠ್ಯಕ್ರಮ.

ಗ್ರೀಕ್ ಕಲಿಕೆಗೆ ಕ್ರಮೆಲ್ ಅವರ ಬದುಕಿನಲ್ಲಿ ವಿಶೇಷ ಅರ್ಥವಿತ್ತು. ಬಾಲ್ಯದಲ್ಲಿ ಗುಲಾಮಗಿರಿ ವಿರೋಧಿ ಸಂಘದ ಕಚೇರಿಯಲ್ಲಿ ಕೆಲಸದ ಹುಡುಗನಾಗಿದ್ದಾಗ ಅವರು ಒಂದು ಮಾತನ್ನು ಕೇಳಿಸಿಕೊಂಡಿದ್ದರು: ಗ್ರೀಕ್ ವ್ಯಾಕರಣ ಬಲ್ಲ ಕರಿಯನೊಬ್ಬ ಸಿಕ್ಕಿದರೆ ಅವರನ್ನೂ ಮನುಷ್ಯರೆಂದು ಒಪ್ಪುವುದಾಗಿ ದಕ್ಷಿಣದ ರಾಜಕಾರಣಿ ಜಾನ್ ಕ್ಯಾಲ್‌ಹೂನ್ ಹೇಳಿದ್ದನೆಂದು ಇಬ್ಬರು ವಕೀಲರು ವರದಿ ಮಾಡಿದ್ದರು. ಕಪ್ಪು ವಿದ್ಯಾರ್ಥಿಗೆ ಕಾಲೇಜಿನ ಬಾಗಿಲನ್ನೇ ಮುಚ್ಚಿ, ಆಮೇಲೆ ಅವನಿಗೆ ಗ್ರೀಕ್ ಬರುವುದಿಲ್ಲವೆಂದು ದೂರುವ ಈ ತರ್ಕದ ಕ್ರೌರ್ಯವನ್ನು ಕ್ರಮೆಲ್ ವೃದ್ಧಾಪ್ಯದಲ್ಲಿಯೂ ಮರೆಯದೆ ಪ್ರಸ್ತಾಪಿಸಿದರು.

1853ರಲ್ಲಿ ಅವರು ಬಿ.ಎ. ಪದವಿ ಪಡೆದರು, ದಾಖಲೆಗಳಿಂದ ತಿಳಿದುಬರುವಂತೆ ಕೇಂಬ್ರಿಜ್‌ನ ಮೊದಲ ಕಪ್ಪು ಪದವೀಧರರು ಅವರೇ. ಪದವಿಪ್ರದಾನದ ದಿನ ಸೆನೆಟ್ ಹೌಸಿನ ಮೇಲಂತಸ್ತಿನಿಂದ ಒಬ್ಬನು ಅವರ ಬಣ್ಣವನ್ನು ಹೀಯಾಳಿಸಿ ಕೂಗಿದನೆಂದೂ, ಕೂಡಲೇ ಮತ್ತೊಬ್ಬ ಯುವಕ ಅವನಿಗೆ ಧಿಕ್ಕಾರ ಹೇಳಿ ಕ್ರಮೆಲ್ ಅವರಿಗೆ ಜಯಕಾರ ಹಾಕಿಸಿದನೆಂದೂ ಒಂದು ವೃತ್ತಾಂತ ಉಳಿದುಬಂದಿದೆ. ಆ ಯುವಕ ಎಡ್ವರ್ಡ್ ವೈಟ್ ಬೆನ್ಸನ್. ಮುಂದೆ ಕ್ಯಾಂಟರ್‌ಬರಿಯ ಮಹಾಧರ್ಮಾಧ್ಯಕ್ಷನಾದವನು.

ಆದರೆ ಈ ಆತಿಥ್ಯವನ್ನು ಕೇವಲ ಹೊಗಳಿ ಮುಂದೆ ಸಾಗುವುದು ಚರಿತ್ರಕಾರನಿಗೆ ಸಲ್ಲದು. ಕ್ರಮೆಲ್ ಆಂಗ್ಲಿಕನ್ ಯಾಜಕರಾಗಿದ್ದುದರಿಂದಲೇ ಕೇಂಬ್ರಿಜ್ ಅವರಿಗೆ ಪದವಿ ಕೊಡಬಲ್ಲದಾಗಿತ್ತು. ಅದೇ ವರ್ಷ ಅದೇ ಪರೀಕ್ಷೆಯಲ್ಲಿ ತೇರ್ಗಡೆಯಾದ ಇಂಗ್ಲಿಷ್ ಕಥೋಲಿಕನಿಗೋ ಬ್ಯಾಪ್ಟಿಸ್ಟನಿಗೋ ಪದವಿ ಸಿಗುತ್ತಿರಲಿಲ್ಲ. ಪದವಿಯ ಅಡ್ಡಿಯು ಆಕ್ಸ್‌ಫರ್ಡಿನಲ್ಲಿ 1854ರಲ್ಲೂ ಕೇಂಬ್ರಿಜ್‌ನಲ್ಲಿ 1856ರಲ್ಲೂ ಬಹುಮಟ್ಟಿಗೆ ನೀಗಿತು. ಉಳಿದ ನಿರ್ಬಂಧಗಳನ್ನು ಬಹುತೇಕ ತೆಗೆದುಹಾಕಿದ್ದು 1871ರ ಕಾಯಿದೆ. ಅನಂತರವೂ ಕಥೋಲಿಕರನ್ನು ತಡೆದವರು ಸ್ವತಃ ಕಥೋಲಿಕ ಧರ್ಮಾಧ್ಯಕ್ಷರು. ಆ ನಿಷೇಧವನ್ನು ರೋಮ್ ಸಡಿಲಿಸಿದ್ದು 1895ರಲ್ಲಿ. ಅಮೆರಿಕ ಬಣ್ಣವನ್ನು ನೋಡಿ, ಇಂಗ್ಲೆಂಡ್ ಪಂಥವನ್ನು ನೋಡಿ ಬಾಗಿಲು ಕಾಯುತ್ತಿದ್ದವು. ಗ್ಲಾಸ್ಗೋ ವಿಶ್ವವಿದ್ಯಾಲಯವೂ ಗುಲಾಮಗಿರಿಯ ಸಂಪತ್ತಿನಿಂದ ತಾನು ಲಾಭ ಪಡೆದುದನ್ನು 2018ರ ವರದಿಯಲ್ಲಿ ಒಪ್ಪಿಕೊಂಡು, ಮರುವರ್ಷ 2 ಕೋಟಿ ಪೌಂಡುಗಳ ಪರಿಹಾರ ಯೋಜನೆಯನ್ನು ಪ್ರಕಟಿಸಿತು. ಇಂದು ಅಲ್ಲಿನ ಒಂದು ಹೊಸ ಕಲಿಕಾಭವನಕ್ಕೆ ಡಾ. ಸ್ಮಿತ್ ಅವರ ಹೆಸರಿದೆ.

ತೆರೆದ ಬಾಗಿಲು ಒಳಹೊಕ್ಕವನನ್ನು ತನ್ನ ಅಚ್ಚಿನಲ್ಲಿ ಎರೆಯುವುದೂ ಉಂಟು. ಪದವಿಯ ನಂತರ ಕ್ರಮೆಲ್ ಲೈಬೀರಿಯಾಕ್ಕೆ ಪ್ರೇಷಿತರಾಗಿ ಹೋಗಿ ಸುಮಾರು 20 ವರ್ಷ ದುಡಿದರು. ಇಂಗ್ಲಿಷ್ ಭಾಷೆ ಮತ್ತು ನಾಗರಿಕತೆ ಆಫ್ರಿಕಾದವುಗಳಿಗಿಂತ ಶ್ರೇಷ್ಠವೆಂದು ಅವರು ಅಲ್ಲಿ ಬೋಧಿಸಿದರು. ತನ್ನನ್ನು ಮನುಷ್ಯನೆಂದು ಗೌರವಿಸಿದ ಸಂಸ್ಕೃತಿಯನ್ನು ಅವರು ಶುಭಸಂದೇಶದಿಂದ ಬೇರ್ಪಡಿಸಿ ನೋಡಲಾರದೆ ಹೋದರು. 1872ರಲ್ಲಿ ಸ್ವದೇಶಕ್ಕೆ ಮರಳಿ ವಾಷಿಂಗ್ಟನ್ನಿನಲ್ಲಿ ಸಂತ ಲೂಕನ ಸಭೆಯನ್ನು ಕಟ್ಟಿ, 1897ರಲ್ಲಿ ಕಪ್ಪು ವಿದ್ವಾಂಸರ ಅಕಾಡೆಮಿಯನ್ನು ಸ್ಥಾಪಿಸಿ, 1898ರಲ್ಲಿ ತೀರಿಕೊಂಡರು.

4. ರೋಡ್ಸ್ ವಿದ್ಯಾರ್ಥಿವೇತನ ಮತ್ತು ಐವತ್ತು ವರ್ಷಗಳ ಮೌನ

ಅಮೆರಿಕದ ವಿದ್ಯಾರ್ಥಿಗಳು ವ್ಯವಸ್ಥಿತವಾಗಿ ಆಕ್ಸ್‌ಫರ್ಡಿಗೆ ಬರತೊಡಗಿದ್ದು ಸೆಸಿಲ್ ರೋಡ್ಸನ ಮರಣಶಾಸನದಿಂದ. 1902ರಲ್ಲಿ ತೀರಿಕೊಂಡ ಈ ವಸಾಹತುಶಾಹಿ ಧನಿಕನು, ಜನಾಂಗದ ಅಥವಾ ಧಾರ್ಮಿಕ ಅಭಿಪ್ರಾಯದ ಕಾರಣದಿಂದ ಯಾರನ್ನೂ ಅನರ್ಹಗೊಳಿಸಬಾರದೆಂದು ಬರೆದಿಟ್ಟಿದ್ದನು. ಅವನ ಮನಸ್ಸಿನಲ್ಲಿದ್ದುದು ಬಹುಶಃ ಇಂಗ್ಲಿಷರು ಮತ್ತು ಬೋಯರರ ನಡುವಿನ ಭೇದ. ಅಕ್ಷರಗಳು ಮಾತ್ರ ಅದಕ್ಕಿಂತ ವಿಶಾಲವಾಗಿದ್ದವು. 1907ರಲ್ಲಿ ಪೆನ್ಸಿಲ್ವೇನಿಯಾದಿಂದ ಹಾರ್ವರ್ಡ್ ಪದವೀಧರ ಅಲೈನ್ ಲಾಕ್ ಆಯ್ಕೆಯಾದರು. ಅವರು ಕಪ್ಪು ವರ್ಣದವರೆಂದು ತಿಳಿದೊಡನೆ ದಕ್ಷಿಣ ರಾಜ್ಯಗಳ ರೋಡ್ಸ್ ವಿದ್ಯಾರ್ಥಿಗಳು ಪ್ರತಿಭಟಿಸಿದರು. ಆಕ್ಸ್‌ಫರ್ಡಿನ ಹಲವು ಕಾಲೇಜುಗಳು ಅವರನ್ನು ಒಲ್ಲೆವೆಂದ ಮೇಲೆ ಹರ್ಟ್‌ಫರ್ಡ್ ಕಾಲೇಜು ಸೇರಿಸಿಕೊಂಡಿತು. ಅಲ್ಲಿನ ಅಮೆರಿಕನ್ ಕ್ಲಬ್ಬಿನ ಕೃತಜ್ಞತಾ ಭೋಜನಕ್ಕೆ ಅವರಿಗೆ ಆಹ್ವಾನವಿರಲಿಲ್ಲ. ದೇವರಿಗೆ ಕೃತಜ್ಞತೆ ಸಲ್ಲಿಸುವ ಊಟದ ಮೇಜಿನಲ್ಲಿ ಒಂದು ಕುರ್ಚಿಯನ್ನು ತೆಗೆದಿಟ್ಟ ಈ ಪ್ರಸಂಗವು ಪರಮಪ್ರಸಾದದ ದೈವಶಾಸ್ತ್ರ ಕಲಿಯುವವರಿಗೆ ವಿವರಣೆಯಿಲ್ಲದೆಯೇ ಅರ್ಥವಾಗುತ್ತದೆ.

1910ರಲ್ಲಿ ಲಾಕ್ ಪದವಿ ಪಡೆಯದೆ ಆಕ್ಸ್‌ಫರ್ಡ್ ತೊರೆದರು; ಮುಂದೆ ಹಾರ್ಲೆಮ್ ನವೋದಯದ ಪ್ರಮುಖ ಚಿಂತಕರಾದರು. ಇನ್ನೊಬ್ಬ ಆಫ್ರಿಕನ್ ಅಮೆರಿಕನ್ ರೋಡ್ಸ್ ವಿದ್ಯಾರ್ಥಿಯಾಗಿ ಆಯ್ಕೆಯಾಗಲು 1963ರವರೆಗೆ ಕಾಯಬೇಕಾಯಿತು. ನಿಯಮದಲ್ಲಿ ಅಡ್ಡಿಯಿರಲಿಲ್ಲ, ಆಯ್ಕೆ ಮಾಡುವವರ ಕಣ್ಣಿನಲ್ಲಿತ್ತು.

5. ನಮ್ಮ ಗುರುಮಠಗಳಿಗೆ ಒಂದು ಪ್ರಶ್ನೆ

ಇದು ಅನ್ಯ ಪಂಥದವರ ಕಥೆಯೆಂದು ಕಥೋಲಿಕ ಓದುಗನು ನಿರಾಳನಾಗುವಂತಿಲ್ಲ. ಮಿಸ್ಸೂರಿಯಲ್ಲಿ 1854ರಲ್ಲಿ ಗುಲಾಮನಾಗಿ ಹುಟ್ಟಿದ ಅಗಸ್ಟಸ್ ಟಾಲ್ಟನ್ನರಿಗೆ ಅಮೆರಿಕದ ಒಂದು ಕಥೋಲಿಕ ಗುರುಮಠವೂ ಪ್ರವೇಶ ಕೊಡಲಿಲ್ಲ. ಅವರು ರೋಮಿನ ಪ್ರೊಪಗಾಂಡ ಕಾಲೇಜಿನಲ್ಲಿ ಓದಿ 1886ರಲ್ಲಿ ಗುರುದೀಕ್ಷೆ ಪಡೆದರು. ತಮ್ಮನ್ನು ಆಫ್ರಿಕಾಕ್ಕೆ ಕಳುಹಿಸುವರೆಂದು ಅವರು ಎಣಿಸಿದ್ದರು. ರೋಮ್ ಅವರನ್ನು ಅವರದೇ ನಾಡಿಗೆ ಕಳುಹಿಸಿತು. 2019ರಲ್ಲಿ ಪೋಪ್ ಫ್ರಾನ್ಸಿಸರು ಅವರನ್ನು ಪೂಜ್ಯರೆಂದು ಘೋಷಿಸಿದರು. ನಿರಾಕರಿಸಿದ ಗುರುಮಠಗಳ ಅಧಿಕಾರಿಗಳ ಹೆಸರುಗಳನ್ನು ಇಂದು ಸ್ಮರಿಸುವವರಿಲ್ಲ.

ಕ್ರಮೆಲ್ ಮತ್ತು ಟಾಲ್ಟನ್ ಇಬ್ಬರ ಬದುಕೂ ಒಂದು ಅಂಶವನ್ನು ಸ್ಪಷ್ಟಪಡಿಸುತ್ತದೆ. ಸ್ಥಳೀಯ ಸಭೆ ತನ್ನ ಸಮಾಜದ ಭೇದಗಳನ್ನು ಸಹಜವೆಂದು ಸ್ವೀಕರಿಸಿದಾಗ, ಆ ಕುರುಡನ್ನು ತೋರಿಸಿಕೊಡಲು ಹೊರಗಿನ ಸಭೆಯೊಂದರ ಕಣ್ಣು ಬೇಕಾಗುತ್ತದೆ. ಸಾರ್ವತ್ರಿಕತೆ ಎಂಬ ಸಭಾಲಕ್ಷಣವು ಭೂಪಟದಲ್ಲಿ ಎಷ್ಟು ದೇಶಗಳಿವೆ ಎಂಬ ಎಣಿಕೆಯಲ್ಲ. ಒಂದೆಡೆ ಮುಚ್ಚಿದ ಬಾಗಿಲಿಗೆ ಇನ್ನೊಂದೆಡೆಯ ವಿಶ್ವಾಸಿಗಳು ಉತ್ತರದಾಯಿಗಳಾಗುವುದು. ಹಾಗೆಂದು ಹೊರಗಿನ ಆತಿಥ್ಯವು ಒಳಗಿನ ನ್ಯಾಯಕ್ಕೆ ಬದಲಿಯಾಗದು. ಪ್ರತಿಭಾವಂತನನ್ನು ಪರದೇಶಕ್ಕೆ ಕಳುಹಿಸಿ ಕೈತೊಳೆದುಕೊಂಡ ಸಭೆ ತನ್ನ ಪಾಪವನ್ನು ಮುಂದೂಡಿತೇ ಹೊರತು ಕಳೆದುಕೊಳ್ಳಲಿಲ್ಲ.

ನಮ್ಮ ನಾಡಿನ ಧರ್ಮಸಭೆಗೂ ಈ ಚರಿತ್ರೆ ಅಪರಿಚಿತವಲ್ಲ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 2016ರಲ್ಲಿ ಪ್ರಕಟಿಸಿದ ದಲಿತ ಸಬಲೀಕರಣ ನೀತಿಯು ಸಭೆಯೊಳಗೆ ಜಾತಿಭೇದ ಉಳಿದಿರುವುದನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದೆ. ಗುರುಮಠಕ್ಕೆ ಸೇರುವವನಲ್ಲಿ ನೋಡಬೇಕಾದುದು ಏನೆಂಬುದನ್ನು ಧರ್ಮಸಭೆಯ ಕಾನೂನಿನ 241ನೆಯ ವಿಧಿ ಹೇಳುತ್ತದೆ: ಮಾನವೀಯ, ನೈತಿಕ, ಆಧ್ಯಾತ್ಮಿಕ, ಬೌದ್ಧಿಕ ಗುಣಗಳು, ದೇಹ ಮತ್ತು ಮನಸ್ಸಿನ ಆರೋಗ್ಯ, ಯೋಗ್ಯವಾದ ಉದ್ದೇಶ. ಆ ಪಟ್ಟಿಯಲ್ಲಿ ಹುಟ್ಟು ಇಲ್ಲ. ಆದರೆ ರೋಡ್ಸನ ಶಾಸನದಲ್ಲಿಯೂ ಅದು ಇರಲಿಲ್ಲವೆಂಬುದನ್ನು ಮರೆಯಬಾರದು. ನಿಯಮವು ನಿರ್ಮಲವಾಗಿದ್ದರೂ ಅರ್ಜಿಯನ್ನು ಓದುವ ಕಣ್ಣು ಹೆಸರನ್ನೂ ಊರನ್ನೂ ಕೇರಿಯನ್ನೂ ಓದಿಬಿಡಬಹುದು.

ಪ್ರೇಷಿತರ ಕಾರ್ಯಕಲಾಪಗಳ ಎಂಟನೆಯ ಅಧ್ಯಾಯದಲ್ಲಿ ಇಥಿಯೋಪಿಯದ ಅಧಿಕಾರಿಯು ದಾರಿಯ ಪಕ್ಕದ ನೀರನ್ನು ತೋರಿಸಿ, ತನ್ನ ಸ್ನಾನದೀಕ್ಷೆಗೆ ಅಡ್ಡಿ ಏನಿದೆಯೆಂದು ಫಿಲಿಪ್ಪನನ್ನು ಕೇಳುತ್ತಾನೆ. ಫಿಲಿಪ್ಪನು ರಥದಿಂದ ಇಳಿದು ಅವನೊಡನೆ ನೀರಿಗೆ ನಡೆಯುತ್ತಾನೆ. 1839ರಲ್ಲಿ ಆಫ್ರಿಕನ್ ಮೂಲದ ಇನ್ನೊಬ್ಬನು ಒಂದು ಗುರುಮಠದ ಮುಂದೆ ಅದೇ ಪ್ರಶ್ನೆಯನ್ನು ಇಟ್ಟನು. ಅರ್ಜಿಗಳನ್ನು ಪರಿಶೀಲಿಸುವ ಹೊಣೆ ಹೊತ್ತ ನಾವೂ, ನಾಳೆ ಆ ಹೊಣೆಯನ್ನು ಹೊರಲಿರುವ ಇಂದಿನ ಗುರುವಿದ್ಯಾರ್ಥಿಗಳೂ, ಆ ಪ್ರಶ್ನೆ ನಮ್ಮ ಮೇಜಿನ ಮೇಲೆ ಬಂದಾಗ ಫಿಲಿಪ್ಪನಂತೆ ರಥದಿಂದ ಇಳಿಯಲು ಸಿದ್ಧರಿರಬೇಕು.