ಎರಡು ಹೆಸರಿನ ಪಾತರಗಿತ್ತಿ

ರಾಯಚೂರು ಜಿಲ್ಲೆಯ ಮಸ್ಕಿ ಎಂದೊಡನೆ ಚರಿತ್ರೆ ಓದಿದವರಿಗೆ ನೆನಪಾಗುವುದು ಅಶೋಕನ ಶಾಸನ. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು ಊರ ಬಳಿಯ ಗುಡ್ಡದಲ್ಲಿ ಇದನ್ನು ಕಂಡುಹಿಡಿದ. ಅದಕ್ಕೆ ಮೊದಲು ಓದಲಾಗಿದ್ದ ಶಾಸನಗಳಲ್ಲಿ ದೊರೆ ತನ್ನನ್ನು ‘ದೇವಾನಾಂಪಿಯ’, ‘ಪಿಯದಸಿ’ ಎಂದು ಕರೆದುಕೊಂಡಿದ್ದನೇ ಹೊರತು ಅಶೋಕನೆಂದು ಹೇಳಿರಲಿಲ್ಲ. ಸಿಂಹಳದ ಬೌದ್ಧ ಗ್ರಂಥಗಳ ನೆರವಿನಿಂದ ಈ ದೇವಾನಾಂಪಿಯನೂ ಅಶೋಕನೂ ಒಬ್ಬನೇ ಎಂದು ವಿದ್ವಾಂಸರು ತರ್ಕಿಸಿದ್ದರು. ಮಸ್ಕಿಯ ಬಂಡೆಯ ಮೇಲೆ ಬಿರುದೂ ಹೆಸರೂ ಒಟ್ಟಿಗೇ ಸಿಕ್ಕವು. ಅಲ್ಲಿಯವರೆಗೆ ತರ್ಕವಾಗಿದ್ದದ್ದು ಸಾಕ್ಷ್ಯವಾಯಿತು.

ಗುಡ್ಡಕ್ಕೆ ಬರುವವರು ಸಾಮಾನ್ಯವಾಗಿ ಶಾಸನ ನೋಡಿ, ಫೋಟೋ ತೆಗೆಸಿಕೊಂಡು ಹಿಂದಿರುಗುತ್ತಾರೆ. ಮಳೆ ಹಿಡಿದ ಮೇಲೆ ಬಂದವರು ಇನ್ನೂ ಒಂದು ಗಳಿಗೆ ನಿಂತರೆ ಬಂಡೆಗಳ ನಡುವಣ ಹುಲ್ಲಿನಲ್ಲಿ, ಎಕ್ಕದ ಗಿಡದ ಸುತ್ತ, ತಂಗಡಿ ಹೂವಿನ ಮೇಲೆ ಹಾರಾಡುವ ಚಿಟ್ಟೆಗಳು ಕಣ್ಣಿಗೆ ಬೀಳುತ್ತವೆ. ಉತ್ತರ ಕರ್ನಾಟಕದ ಮಾತಿನಲ್ಲಿ ಪಾತರಗಿತ್ತಿ; ಬೇಂದ್ರೆಯವರ ದೆಸೆಯಿಂದ ಈ ಹೆಸರು ಇಡೀ ನಾಡಿಗೇ ಗೊತ್ತು. ಇವುಗಳ ಚರಿತ್ರೆಯಲ್ಲೂ ‘ಹೆಸರು ಎರಡು, ಆಸಾಮಿ ಒಬ್ಬನೇ’ ಎಂಬ ಪ್ರಸಂಗವೊಂದಿದೆ. ಅದು ಬಗೆಹರಿಯಲು ನೂರು ವರ್ಷಕ್ಕೂ ಮಿಕ್ಕಿ ಹಿಡಿಯಿತು.

ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಪ್ರಾಣಿಗಳಿಗೆಲ್ಲ ಎರಡು ಪದದ ಹೆಸರು ಕೊಡುವ ಪದ್ಧತಿಯನ್ನು ತನ್ನ ಗ್ರಂಥದಲ್ಲಿ ನೆಲೆಗೊಳಿಸಿದ. ಅದರಲ್ಲಿ ಏಷ್ಯದ ಎರಡು ಚಿಟ್ಟೆಗಳಿದ್ದವು. ಒಂದು ‘ಅಲ್ಮಾನ’, ಇನ್ನೊಂದು ‘ಆಸ್ಟೆರಿ’. ಎರಡರ ಮೇಲ್ಮೈಯೂ ಕಿತ್ತಳೆ ಬಣ್ಣದ್ದು, ಎರಡರಲ್ಲೂ ನವಿಲುಗರಿಯ ಕಣ್ಣಿನಂಥ ದೊಡ್ಡ ಚುಕ್ಕೆ. ಆದರೆ ರೆಕ್ಕೆ ಮುಚ್ಚಿದಾಗ ಕಾಣುವ ಒಳಬದಿ ಬೇರೆ. ಆಸ್ಟೆರಿಯ ಒಳಬದಿಯಲ್ಲಿ ಕಣ್ಣುಚುಕ್ಕೆಗಳು ಸ್ಪಷ್ಟ. ಅಲ್ಮಾನದ್ದು ಒಣಗಿದ ಎಲೆಯಂತೆ ಕಂದು, ನಡುವೆ ಎಲೆಯ ನರದಂಥ ಒಂದು ಗೆರೆ, ರೆಕ್ಕೆಯ ಅಂಚು ಕತ್ತರಿಸಿದಂತೆ ಕೋನಕೋನ. ಭಾರತವನ್ನು ಕಾಣದೆ, ಸತ್ತ ಚಿಟ್ಟೆಗಳನ್ನಷ್ಟೇ ಮುಂದಿಟ್ಟುಕೊಂಡವನು ಇವು ಬೇರೆ ಬೇರೆ ಎಂದದ್ದರಲ್ಲಿ ತಪ್ಪೇನೂ ಇಲ್ಲ. ಸೂಜಿಗೆ ಚುಚ್ಚಿದ ಚಿಟ್ಟೆ ತಾನು ಹಾರಾಡಿದ್ದು ಆಷಾಢದಲ್ಲೋ ಮಾಘದಲ್ಲೋ ಎಂದು ಹೇಳುವುದಿಲ್ಲವಲ್ಲ. ಯುರೋಪಿನದೇ ಇನ್ನೊಂದು ಚಿಟ್ಟೆಯ ವಿಷಯದಲ್ಲೂ ಲಿನೇಯಸ್ ಹೀಗೆ ಮೋಸಹೋದ: ವಸಂತದಲ್ಲಿ ಹೊರಬರುವುದಕ್ಕೆ ‘ಲೆವಾನ’, ಬೇಸಿಗೆಯಲ್ಲಿ ಬರುವುದಕ್ಕೆ ‘ಪ್ರೋರ್ಸಾ’ ಎಂದು ಹೆಸರಿಟ್ಟ. ಎರಡೂ ಒಂದೇ ಜಾತಿ. ಜರ್ಮನಿಯ ವೈಸ್‌ಮನ್ ಇವುಗಳ ಕೋಶಗಳನ್ನು ತಣ್ಣಗಿಟ್ಟು ಮಾಡಿದ ಪ್ರಯೋಗಗಳನ್ನು 1875ರಲ್ಲಿ ಪ್ರಕಟಿಸಿದ.

ಭಾರತದಲ್ಲಿ ಆ ಕೆಲಸ ಮಾಡಿದವನು ಲಯನೆಲ್ ಡಿ ನಿಸ್‌ವಿಲ್. ಕಲ್ಕತ್ತೆಯಲ್ಲಿದ್ದು ಚಿಟ್ಟೆಗಳ ಮೇಲೆ ದೊಡ್ಡ ಗ್ರಂಥ ಬರೆದವನು. ಸಂಜೆಗತ್ತಲಲ್ಲಿ ಹಾರುವ, ದೀಪ ಕಂಡರೆ ಮನೆಯೊಳಕ್ಕೂ ನುಗ್ಗುವ ಕಂದು ಚಿಟ್ಟೆಯೊಂದು ನಮ್ಮಲ್ಲಿ ಎಲ್ಲ ಕಡೆಯೂ ಇದೆ. ಮಳೆಗಾಲದ್ದಕ್ಕೆ ಒಳಬದಿಯಲ್ಲಿ ಸಾಲು ಕಣ್ಣುಗಳು. ಅದರ ಹೆಸರು ‘ಲೀಡಾ’. ಒಣಕಾಲದ್ದಕ್ಕೆ ಕಣ್ಣುಗಳು ಅಳಿಸಿಹೋಗಿ ಬರೀ ತರಗೆಲೆ. ಅದಕ್ಕೆ ‘ಇಸ್ಮೀನ್’ ಎಂಬ ಬೇರೆ ಹೆಸರಿತ್ತು. ಇವು ಒಂದೇ ಇರಬಹುದೆಂಬ ಅನುಮಾನ ಹಲವರಿಗೆ ಬಂದಿತ್ತು. ಡಿ ನಿಸ್‌ವಿಲ್ ಅನುಮಾನಕ್ಕೆ ನಿಲ್ಲಲಿಲ್ಲ. ಮೊಟ್ಟೆಯಿಂದ ಹುಳು, ಹುಳುವಿನಿಂದ ಕೋಶ, ಕೋಶದಿಂದ ಚಿಟ್ಟೆ ಎಂದು ಸಾಕಿ ನೋಡಿ, ಈ ಬಳಗದ ಕಲ್ಕತ್ತೆಯ ಚಿಟ್ಟೆಗಳ ಜೀವನಚರಿತ್ರೆಯನ್ನು 1886ರಲ್ಲಿ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ. ತಾಯಿಯದು ಒಂದು ಉಡುಗೆ, ಮಕ್ಕಳದು ಇನ್ನೊಂದು. ಕಾರಣ ಋತು. ಇಂದು ‘ಇಸ್ಮೀನ್’, ‘ಆಸ್ಟೆರಿ’ ಎಂಬ ಹೆಸರುಗಳು ಜಾತಿಯ ಪಟ್ಟಿಯಿಂದ ಇಳಿದಿವೆ. ಉಳಿದವು ಲೀಡಾ, ಅಲ್ಮಾನ.

ಕರ್ನಾಟಕಕ್ಕೆ ಈ ಸಾಕಿ ನೋಡುವ ವಿದ್ಯೆ ಬಂದದ್ದು ಕಾರವಾರದ ಮೂಲಕ. ಅಲ್ಲಿ ಮೂವರು ಸರ್ಕಾರಿ ನೌಕರರಿದ್ದರು: ಉಪ್ಪಿನ ಇಲಾಖೆಯ ಏಟ್ಕನ್, ಕಲೆಕ್ಟರ್ ಡೇವಿಡ್‌ಸನ್, ಅರಣ್ಯ ಇಲಾಖೆಯ ಬೆಲ್. ಮೂವರೂ ಸೇರಿ ಉತ್ತರ ಕನ್ನಡ ಜಿಲ್ಲೆಯ ಚಿಟ್ಟೆಗಳ ಮೇಲೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1896–97ರಲ್ಲಿ ಬರೆದ ಲೇಖನಮಾಲೆ ಇಂದಿಗೂ ಆಧಾರ. ಯಾವ ಹುಳು ಯಾವ ಸೊಪ್ಪು ತಿನ್ನುತ್ತದೆ ಎಂಬುದನ್ನು ಅವರು ಕಂಡದ್ದೆಲ್ಲ ಕಚೇರಿ ಕೆಲಸದ ಬಿಡುವಿನಲ್ಲಿ. ಬೆಲ್ ಐರ್ಲೆಂಡಿನಲ್ಲಿ ಹುಟ್ಟಿದವನು; ನಿವೃತ್ತನಾದ ಮೇಲೂ ಊರಿಗೆ ಮರಳದೆ ಕಾರವಾರದಲ್ಲೇ ಉಳಿದು 1948ರಲ್ಲಿ ಅಲ್ಲೇ ತೀರಿಕೊಂಡ. 1909ರಿಂದ ಅದೇ ಪತ್ರಿಕೆಯಲ್ಲಿ ಅವನು ಬರೆದ ಇನ್ನೊಂದು ಮಾಲೆಯ ವಿಷಯ ಬಯಲುಸೀಮೆಯ ಸಾಮಾನ್ಯ ಚಿಟ್ಟೆಗಳು. ಕಾಡಿನಲ್ಲಿ ಬಾಳಿದ ಮನುಷ್ಯ ಬಯಲಿನ ಬಡ ಚಿಟ್ಟೆಗಳಿಗೆ ಅಷ್ಟು ಪುಟ ಕೊಟ್ಟದ್ದು ಮೆಚ್ಚಬೇಕಾದ ಸಂಗತಿ.

ಮೈಸೂರಿನ ಪಟ್ಟಿಯನ್ನು ವಾಟ್ಸನ್ 1890ರಲ್ಲೇ ಮಾಡಿದ್ದ. ಆಗ ಸಿಂಧನೂರು, ಲಿಂಗಸುಗೂರು, ಮಸ್ಕಿಗಳು ನಿಜಾಮನ ಸೀಮೆಯಲ್ಲಿದ್ದವು. 1853ರಿಂದ 1860ರವರೆಗೆ ದೋಆಬ್ ಇಂಗ್ಲಿಷರ ಕೈಯಲ್ಲಿತ್ತು, ಲಿಂಗಸುಗೂರಿನಲ್ಲಿ ದಂಡಿನ ಪಾಳೆಯವಿತ್ತು, 1905ರವರೆಗೆ ಅದು ಜಿಲ್ಲಾ ಕೇಂದ್ರವೂ ಆಗಿತ್ತು. ಆದರೆ ಬಲೆ ಹಿಡಿದ ಅಧಿಕಾರಿಗಳ ಮನಸ್ಸೆಲ್ಲ ಘಟ್ಟದ ಕಡೆ. ಈಗಿನವರನ್ನೂ ದೂರುವಂತಿಲ್ಲ. ಕ್ಯಾಮರಾ ಕೊಂಡವರು ಮೊದಲು ಓಡುವುದು ಆಗುಂಬೆಗೆ, ಕೊಡಗಿಗೆ.

ಋತು ಎಂದರೇನೆಂದು ನೋಡಬೇಕಾದರೆ ಮಾತ್ರ ಬಯಲೇ ಲೇಸು. ಘಟ್ಟದ ಹಸಿರಿನಲ್ಲಿ ಕಾಲದ ಗೆರೆ ಮಸುಕು. ಎರೆ ಭೂಮಿಯಲ್ಲಿ ಅದು ಎದ್ದು ಕಾಣುತ್ತದೆ. ಇಲ್ಲಿ ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು, ಹೆಚ್ಚಿನದು ಜೂನ್‌ನಿಂದ ಅಕ್ಟೋಬರ್ ಒಳಗೆ. ಮೃಗಶಿರ, ಆರಿದ್ರ ಮಳೆ ಬಿದ್ದು ಬದುಗಳಲ್ಲಿ ತಗಚೆ ಚಿಗುರಿತೆಂದರೆ ಪುಟ್ಟ ಹಳದಿ ಚಿಟ್ಟೆ ಮೊಟ್ಟೆಯಿಡಲು ಬರುತ್ತದೆ. ಎಕ್ಕದ ಎಲೆಯ ಮೇಲೆ ಕಪ್ಪು, ಹಳದಿ, ಬಿಳಿ ಪಟ್ಟೆಯ ಹುಳು ಕಂಡರೆ ಅದು ಮುಂದೆ ಕಿತ್ತಳೆ ಬಣ್ಣದ ಹುಲಿಚಿಟ್ಟೆ. ಎಕ್ಕದ ಹಾಲಿನ ವಿಷವನ್ನು ಮೈಯಲ್ಲಿ ಸೇರಿಸಿಕೊಂಡದ್ದು, ಹಕ್ಕಿಗಳು ಮುಟ್ಟುವುದಿಲ್ಲ. ಇನ್ನೊಂದು ಜಾತಿಯ ಹೆಣ್ಣು ಹೊರಗೆ ಅದೇ ವೇಷ ಹಾಕಿಕೊಂಡು ವಿಷವಿಲ್ಲದೆಯೇ ಬಚಾವಾಗುತ್ತದೆ. ಅದರ ಹುಳು ಮೇಯುವುದು ನಮ್ಮ ಗೋಣಿಸೊಪ್ಪು.

ಉತ್ತರಿ, ಹಸ್ತ ಮಳೆಯ ಹೊತ್ತಿಗೆ ಎಣಿಸಲಾರದಷ್ಟು. ಹಳ್ಳದ ಒದ್ದೆ ಮಣ್ಣಿನ ಮೇಲೆ ಗಂಡುಗಳು ಗುಂಪುಗೂಡಿ ಉಪ್ಪಿನಂಶ ಹೀರುತ್ತವೆ. ತೊಗರಿ ಹೂಬಿಟ್ಟರೆ ನೀಲಿ ಚಿಟ್ಟೆ. ರೈತನಿಗೆ ಅದು ಮೊಗ್ಗು ಕೊರೆಯುವ ಹುಳುವಿನ ತಾಯಿ, ಆದ್ದರಿಂದ ಚೆಂದ ಕಾಣುವುದಿಲ್ಲ. ಬಿಳಿಜೋಳ ಎದೆಯುದ್ದ ಬೆಳೆದು ಚಳಿ ಬಿದ್ದಾಗ ಉಡುಗೆ ಬದಲಾಗತೊಡಗುತ್ತದೆ. ಪುಟ್ಟ ಹಳದಿ ಚಿಟ್ಟೆಯ ರೆಕ್ಕೆಯ ಅಗಲ ಕಪ್ಪಂಚು ಕಿರಿದಾಗಿ, ಒಳಬದಿಯಲ್ಲಿ ತುಕ್ಕು ಹಿಡಿದಂಥ ಕಲೆಗಳೇಳುತ್ತವೆ. ಸಂಜೆಚಿಟ್ಟೆ ಕಣ್ಣು ಕಳೆದುಕೊಂಡು ತರಗೆಲೆಯಾಗುತ್ತದೆ. ಮಾರ್ಚ್ ಕಳೆದರೆ ಹೊಲ ಬರಿದು. ಆಗ ಉಳಿಯುವುದು ಒಣ ಸೀಮೆಯ ಮುಳ್ಳುಪೊದೆಗಳನ್ನೇ ನಂಬಿದ, ರೆಕ್ಕೆಯ ತುದಿ ಕಿತ್ತಳೆಯೋ ಕೆಂಪೋ ಇರುವ ಬಿಳಿ ಚಿಟ್ಟೆಗಳು. ಮುಂಗಾರಿಗೆ ಮುನ್ನ ಘಟ್ಟದ ನೀಲಿಪಟ್ಟೆಯ ಹುಲಿಚಿಟ್ಟೆಗಳು ಸಾವಿರಗಟ್ಟಲೆ ಪೂರ್ವದ ಬಯಲಿಗೆ ವಲಸೆ ಹೊರಡುವುದುಂಟು. ಅದರದೇ ದೊಡ್ಡ ಕಥೆ, ಇಲ್ಲಿ ಬೇಡ.

ಉಡುಗೆ ಬದಲಿಸುವುದೇಕೆ? ಹಸಿರಿನ ನಡುವೆ ಚುರುಕಾಗಿ ಓಡಾಡುವ ಮಳೆಗಾಲದ ಚಿಟ್ಟೆಗೆ ಕಣ್ಣುಚುಕ್ಕೆಗಳು ಒದಗುತ್ತವೆ. ಹಕ್ಕಿ ಬೆದರಬಹುದು, ಇಲ್ಲವೇ ತಲೆಯ ಬದಲು ರೆಕ್ಕೆಯಂಚಿಗೆ ಕುಕ್ಕಬಹುದು. ಉಲ್ಲಾಸ ಕೋದಂಡರಾಮಯ್ಯ ಮತ್ತು ಸ್ವೀಡನ್ನಿನ ಸಂಗಡಿಗರು ಇದೇ ಅಲ್ಮಾನ ಚಿಟ್ಟೆಯ ಕಣ್ಣುಗಳಿಗೆ ಬಣ್ಣ ಬಳಿದು, ಬಳಿಯದ ಚಿಟ್ಟೆಗಳ ಜೊತೆ ಹಕ್ಕಿಗಳ ಮುಂದಿಟ್ಟು ನೋಡಿದರು. ಕಣ್ಣಿದ್ದವು ಹೆಚ್ಚು ಬದುಕಿದವು. ಇದು 2009ರಲ್ಲಿ ಪ್ರಕಟವಾಯಿತು. ಒಣಕಾಲದಲ್ಲಿ ಲೆಕ್ಕ ಬೇರೆ. ಮರಿ ಮಾಡಲು ಸೊಪ್ಪಿಲ್ಲ, ಮಳೆಯವರೆಗೆ ಬದುಕಿ ಉಳಿಯಬೇಕು, ಅದಕ್ಕೆ ತರಗೆಲೆಯಂತೆ ಸುಮ್ಮನೆ ಬಿದ್ದಿರುವುದೇ ಕ್ಷೇಮ. ಮುಂದಿನ ಋತು ಯಾವುದೆಂದು ಹುಳುವಿಗೆ ತಿಳಿಸುವುದು ಮುಖ್ಯವಾಗಿ ತಾಪಮಾನ. ಆಫ್ರಿಕದಲ್ಲಿರುವ ಸಂಜೆಚಿಟ್ಟೆಯ ದೂರದ ಬಳಗವೊಂದನ್ನು ಬ್ರೇಕ್‌ಫೀಲ್ಡ್ ಮತ್ತು ಸಂಗಡಿಗರು ಸಾಕಿ ನೋಡಿದ್ದಾರೆ: 27 ಡಿಗ್ರಿಯ ಬೆಚ್ಚಗೆಯಲ್ಲಿ ಬೆಳೆದ ಹುಳು ಕಣ್ಣಿನ ಚಿಟ್ಟೆಯಾಗುತ್ತದೆ, 20ಕ್ಕೆ ಇಳಿಸಿದರೆ ತರಗೆಲೆಯಾಗುತ್ತದೆ.

ಈ ಲೇಖಕನೂ ಒಮ್ಮೆ ಲಿನೇಯಸ್ ಆದದ್ದುಂಟು. ಫಿಲಂ ಕ್ಯಾಮರಾ ಕಾಲ. 36 ಚಿತ್ರದ ಒಂದು ರೋಲು, ಒಂದೊಂದನ್ನೂ ಲೆಕ್ಕ ಹಾಕಿ ಒತ್ತಬೇಕು, ತೊಳೆಸಿ ತರುವಷ್ಟರಲ್ಲಿ ತೆಗೆದದ್ದು ಯಾವಾಗ ಎಂಬುದೇ ಮರೆತಿರುತ್ತಿತ್ತು. ಆಲ್ಬಮ್ಮಿನ ಒಂದು ಪುಟದಲ್ಲಿ ಕಣ್ಣುಳ್ಳ ಸಂಜೆಚಿಟ್ಟೆ, ನಾಲ್ಕು ಪುಟ ಮುಂದೆ ಕಣ್ಣಿಲ್ಲದ್ದು, ಎರಡಕ್ಕೂ ಎರಡು ಹೆಸರು. ಅಡಿಯಲ್ಲಿ ತಾರೀಖು ಬರೆದಿದ್ದರೆ ತಪ್ಪು ತಾನಾಗಿ ಹೊಳೆಯುತ್ತಿತ್ತು. ಈಗ ಕ್ಯಾಮರಾ, ಮೊಬೈಲುಗಳು ತಾರೀಖನ್ನು ತಾವೇ ಬರೆದಿಡುತ್ತವೆ. ಚಿತ್ರ ಹಾಕಿ ಜಾತಿ ಗುರುತಿಸಿಕೊಳ್ಳುವ ತಾಣಗಳಿವೆ. ಆದರೂ ಒಂದು ಚಟ ಹೋಗಿಲ್ಲ: ಎಲ್ಲರಿಗೂ ರೆಕ್ಕೆ ಬಿಚ್ಚಿದ ಚಿತ್ರವೇ ಬೇಕು. ಋತು ತನ್ನ ಗುರುತನ್ನು ಹೆಚ್ಚಾಗಿ ಬರೆಯುವುದು ಮುಚ್ಚಿದ ರೆಕ್ಕೆಯ ಮೇಲೆ. ಮಂಕಾಗಿ ಕಾಣುವ ಆ ಚಿತ್ರವನ್ನು ಅಳಿಸಿಹಾಕುವವರೇ ಹೆಚ್ಚು.

ಈ ಸೀಮೆಯಲ್ಲಿ ಅಂಥ ಚಿತ್ರಗಳಿಗೆ ವಿಶೇಷ ಬೆಲೆಯಿರಲು ಕಾರಣ ಕಾಲುವೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು, ಎಡದಂಡೆ ಕಾಲುವೆಯ ನೀರು ಸಿಂಧನೂರಿನ ಜೋಳದ ಹೊಲಗಳನ್ನು ನೆಲ್ಲಿನ ಗದ್ದೆ ಮಾಡಿತು. ನೀರು ಸಾಕಷ್ಟಿದ್ದ ವರ್ಷ ಬೇಸಿಗೆಯಲ್ಲಿ ಎರಡನೆಯ ಬೆಳೆಯೂ ಉಂಟು. ಸಿಂಧನೂರಿನಿಂದ ಮಸ್ಕಿ ಹಾದು ಲಿಂಗಸುಗೂರಿಗೆ ಬಸ್ಸಿನಲ್ಲಿ ಹೋದವರು ಏಪ್ರಿಲ್‌ನಲ್ಲಿ ಕಿಟಕಿಯಿಂದ ನೋಡಬೇಕು. ಒಂದು ತುದಿಗೆ ನೀರು ನಿಂತ ಹಸಿರು, ಇನ್ನೊಂದು ತುದಿಗೆ ಬಿರುಕು ಬಿಟ್ಟ ಎರೆ ಮತ್ತು ಜಾಲಿ. ಲಿಂಗಸುಗೂರು ಕಡೆಗೂ ಕೃಷ್ಣೆಯ ನಾರಾಯಣಪುರ ಯೋಜನೆಯ ನೀರು ಬಂದಿದೆಯಾದರೂ ಒಣ ಭೂಮಿ ಇನ್ನೂ ಸಾಕಷ್ಟಿದೆ. ಒಂದೇ ದಿನ, ಒಂದೇ ರಸ್ತೆ, ಎರಡು ಋತು. ಒಂದನ್ನು ನಿರ್ಧರಿಸುವುದು ಮಳೆ ನಕ್ಷತ್ರ, ಇನ್ನೊಂದನ್ನು ನೀರಾವರಿ ಸಲಹಾ ಸಮಿತಿಯ ಸಭೆ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಆ ಋತು ಎಷ್ಟು ತೆಳುವಾದ ದಾರಕ್ಕೆ ತೂಗಿಬಿದ್ದಿದೆ ಎಂಬುದು ರೈತರಿಗೆ ಗೊತ್ತಾಯಿತು.

ಸಂಜೆಚಿಟ್ಟೆಯ ಹುಳು ತಿನ್ನುವುದು ಹುಲ್ಲಿನ ಜಾತಿಯ ಎಲೆ, ಅದರಲ್ಲಿ ನೆಲ್ಲೂ ಸೇರಿತು. ಹಸಿರು ಮೈ, ತಲೆಯ ಮೇಲೆ ಎರಡು ಕೊಂಬು. ಗದ್ದೆಯಲ್ಲಿ ದುಡಿಯುವವರು ನೋಡಿಯೇ ಇರುತ್ತಾರೆ. ಅಲ್ಮಾನವಂತೂ ನೀರಂಚಿನ ಕಳೆಗಳನ್ನು ಬಯಸುವ ಚಿಟ್ಟೆ. ಇವೆರಡಕ್ಕೂ ಕಾಲುವೆ ಹಿಂದೆಂದೂ ಇಲ್ಲದಿದ್ದ ಒಂದು ಬೇಸಿಗೆಯನ್ನು ಕೊಟ್ಟಿದೆ: ಸುಡುವ ಬಿಸಿಲು, ಕಾಲಡಿಯಲ್ಲಿ ನೀರು, ಮೇಯಲು ಎಳೆ ಸೊಪ್ಪು. ಆಫ್ರಿಕದ ಆ ಸೀಮೆಯಲ್ಲಿ ಒಣಕಾಲವೆಂದರೆ ತಂಪುಕಾಲ. ನಮ್ಮಲ್ಲಿ ಒಣಕಾಲ ತಂಪಿನಲ್ಲಿ ಶುರುವಾಗಿ 40 ಡಿಗ್ರಿ ದಾಟಿ ಮುಗಿಯುತ್ತದೆ. ಸಿಂಧನೂರಿನ ಏಪ್ರಿಲ್ ಗದ್ದೆಯಲ್ಲಿ ಬೆಳೆದ ಹುಳು ಮಳೆಗಾಲದ ಉಡುಗೆ ತೊಡುವುದೋ, ಬೇಸಿಗೆಯದೋ? ಅದೇ ವಾರ ಮಸ್ಕಿ ಗುಡ್ಡದ ಕಲ್ಲುಗಳ ನಡುವೆ ಅವಿತಿರುವುದು ಯಾವುದನ್ನು ತೊಟ್ಟಿದೆ? ಕೇಳಬೇಕಾದ್ದು ಗದ್ದೆ, ಗುಡ್ಡಗಳನ್ನೇ. ಬೇಗ ಕೇಳಬೇಕು. ಬದುವಿನ ಕಳೆಗೆ ವರ್ಷಕ್ಕೆ ಹಲವು ಸಲ ಔಷಧಿ ಹೊಡೆಯುವ ರೂಢಿ ಬಂದಿದೆ, ಕಳೆಯ ಜೊತೆ ಹುಳುವೂ ಹೋಗುತ್ತದೆ.

ಇದಕ್ಕೆ ದೊಡ್ಡ ಲೆನ್ಸು ಬೇಕಿಲ್ಲ. ಸಂಜೆಚಿಟ್ಟೆ ಹಗಲೆಲ್ಲ ಹುಲ್ಲಿನ ಬುಡದಲ್ಲಿ ಅಡಗಿದ್ದು ಹೊತ್ತು ಮುಳುಗುವಾಗ ಏಳುತ್ತದೆ, ನಾಲ್ಕು ಮಾರು ಹಾರಿ ರೆಕ್ಕೆ ಮುಚ್ಚಿ ಕೂರುತ್ತದೆ. ಕಾಲುವೆ ದಂಡೆಯ ಮೇಲೆ ಆ ಹೊತ್ತಿಗೆ ಎಮ್ಮೆ ಹೊಡೆದುಕೊಂಡು ಬರುವ ಹುಡುಗರ ಕೈಯಲ್ಲೂ ಈಗ ಮೊಬೈಲ್ ಇರುತ್ತದೆ. ಕೂತದ್ದನ್ನು ಎಬ್ಬಿಸದೆ ಪಕ್ಕದಿಂದ ಒಂದು ಚಿತ್ರ ತೆಗೆದು, ಹಿಂದಿನ ರೆಕ್ಕೆಯಲ್ಲಿ ಕಣ್ಣುಗಳಿವೆಯೇ, ಎಷ್ಟಿವೆ ಎಂದು ಎಣಿಸಿದರಾಯಿತು. ಮಳೆಗಾಲದ ಉಡುಗೆಯಲ್ಲಿ ಸಾಮಾನ್ಯವಾಗಿ ಆರು.