ತ್ರಿಜ್ಯದೊಳಗಿನ ‘ತ್ರಿ’

ವೃತ್ತಕೇಂದ್ರದಿಂದ ಪರಿಧಿಗಿರುವ ದೂರವೇ ತ್ರಿಜ್ಯ ಎಂದು ವರ್ಷಗಟ್ಟಲೆ ಬಾಯಿಪಾಠ ಮಾಡಿಸಿದವನು ನಾನು. ಒಮ್ಮೆ ವಿದ್ಯಾರ್ಥಿನಿಯೊಬ್ಬಳು, “ಇರುವುದು ಒಂದೇ ಗೆರೆ, ‘ತ್ರಿ’ ಏಕೆ ಸಾರ್?” ಎಂದಾಗ ಗದರಿಸಿ ಕೂರಿಸಿದೆ. ಉತ್ತರ ನನಗೇ ತಿಳಿದಿರಲಿಲ್ಲ.

ಜ್ಯಾ ಎಂದರೆ ಬಿಲ್ಲಿನ ಹೆದೆ. ವೃತ್ತದ ಕಂಸವನ್ನು ಬಿಲ್ಲೆಂದು ಭಾವಿಸಿದರೆ, ತುದಿಗಳನ್ನು ಕೂಡಿಸುವ ರೇಖೆಯೇ ಹೆದೆ. ಪ್ರಾಚೀನ ಗಣಿತಜ್ಞರು ಲೆಕ್ಕಕ್ಕೆ ಅರ್ಧ ಹೆದೆಯನ್ನು ಬಳಸಿ, ಅದನ್ನೂ ಜ್ಯಾ ಎಂದೇ ಕರೆದರು. ರಾಶಿಯೊಂದಕ್ಕೆ 30 ಡಿಗ್ರಿ. ಮೂರು ರಾಶಿಗೆ 90. ಆ ಕೋನದ ಜ್ಯಾ ವ್ಯಾಸಾರ್ಧಕ್ಕೆ ಸಮ. ಮೂರು ರಾಶಿಗಳ ಜ್ಯಾ ಆದ್ದರಿಂದ ಅದು ತ್ರಿಜ್ಯಾ! ಕ್ರಿ.ಶ. 499ರ ‘ಆರ್ಯಭಟೀಯ’ದ ಗಣನೆಯಲ್ಲಿ ಅದರ ಬೆಲೆ 3438 ಕಲೆಗಳು.

ತಾಯಿ, ಅಂದು ಗದರಿಸಿದ್ದಕ್ಕೆ ಕ್ಷಮೆಯಿರಲಿ. ನಿನ್ನ ಉತ್ತರವನ್ನು ತಡವಾಗಿ ಒಪ್ಪಿಸುತ್ತಿದ್ದೇನೆ.