ಬುಕ್ಕರಾಯನ ಶಾಸನವೂ ರಾಜಾಜ್ಞೆಯ ಮೇರೆಯೂ

ಪ್ರಜೆಗಳ ಮನಸ್ಸಿನಲ್ಲಿ ಬೇರೂರಿದ ವೈರವನ್ನು ಅರಸನ ಆಜ್ಞೆಯು ಎಷ್ಟರಮಟ್ಟಿಗೆ ಅಡಗಿಸಬಲ್ಲದು? ಈ ಪ್ರಶ್ನೆಗೆ ಅರಸನೊಬ್ಬನು ಕಾರ್ಯರೂಪವಾಗಿ ಕೊಟ್ಟ ಉತ್ತರವು ಶ್ರವಣಬೆಳ್ಗೊಳದ ಭಂಡಾರಿ ಬಸದಿಯ ಶಾಸನವೊಂದರಲ್ಲಿ ಉಳಿದುಬಂದಿದೆ. ವಿಜಯನಗರದ ಒಂದನೆಯ ಬುಕ್ಕರಾಯನ ಕಾಲದ ಈ ಶಾಸನವು ಶಕವರ್ಷ 1290ರ, ಎಂದರೆ ಕ್ರಿ. ಶ. 1368ರ, ಕೀಲಕ ಸಂವತ್ಸರದ್ದು.

ಆಗ ಜೈನರಿಗೂ ಶ್ರೀವೈಷ್ಣವ ಭಕ್ತರಿಗೂ ವಿವಾದ ಹುಟ್ಟಿದ್ದಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಸ್ಥಳಗಳ ಜೈನರು, ಭಕ್ತರಿಂದ ತಮಗಾದ ಅನ್ಯಾಯವನ್ನು ರಾಯನಿಗೆ ಬಿನ್ನವಿಸಿಕೊಂಡರು. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರೇ ಮುಖ್ಯರಾದ ವೈಷ್ಣವ ಸಮುದಾಯದ ಸಮಕ್ಷಮದಲ್ಲಿ ಬುಕ್ಕರಾಯನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿರಿಸಿದನು. ಪಂಚಮಹಾವಾದ್ಯಗಳಿಗೂ ಕಲಶಕ್ಕೂ ಜೈನರು ಪೂರ್ವದಂತೆಯೇ ಅರ್ಹರೆಂದೂ, ಜೈನದರ್ಶನಕ್ಕೆ ಉಂಟಾದ ಹಾನಿಯನ್ನು ವೈಷ್ಣವರು ತಮ್ಮ ದರ್ಶನಕ್ಕಾದ ಹಾನಿಯೆಂದೇ ಭಾವಿಸತಕ್ಕದ್ದೆಂದೂ ನಿರ್ಣಯವಾಯಿತು.

ಇಲ್ಲಿ ಅರಸನು ಮಾಡದೆ ಬಿಟ್ಟುದು ಮಾಡಿದುದರಷ್ಟೇ ಗಮನಾರ್ಹವಾಗಿದೆ. ಯಾವ ದರ್ಶನವು ಸತ್ಯವೆಂಬ ವಿಚಾರಕ್ಕೆ ಅವನು ಕೈಯಿಕ್ಕಲಿಲ್ಲ, ಎರಡಕ್ಕೂ ಭೇದವಿಲ್ಲವೆಂದನು. ಹಿಂದಿನ ಅಪರಾಧಕ್ಕೆ ದಂಡ ವಿಧಿಸಿದ ಮಾತೂ ಶಾಸನದಲ್ಲಿ ಕಾಣುವುದಿಲ್ಲ. ಪ್ರಬಲರನ್ನು ದಂಡದಿಂದ ಹೆದರಿಸಿದರೆ ಅವರ ದ್ವೇಷವು ದುರ್ಬಲರ ಮೇಲೆಯೇ ಮರಳಿ ಬೀಳುವುದು ಮನುಷ್ಯಸ್ವಭಾವ. ಆದಕಾರಣ ಯಾರಿಂದ ಭಯವಿದ್ದಿತೋ ಅವರನ್ನೇ ರಕ್ಷಕರನ್ನಾಗಿ ನಿಲ್ಲಿಸಿದುದು ಈ ತೀರ್ಪಿನ ವಿವೇಕ.

ಹಾಗೆಂದು ಸದ್ಭಾವವೊಂದನ್ನೇ ನಂಬಿ ಕೂಡಲೂ ಇಲ್ಲ. ಜೈನರು ಮನೆಯೊಂದಕ್ಕೆ ವರ್ಷಕ್ಕೊಂದು ಹಣದಂತೆ ಕೊಡತಕ್ಕದ್ದು. ತಿರುಮಲೆಯ ತಾತಯ್ಯನು ಆ ಹಣದಿಂದ ಬೆಳ್ಗೊಳದ ದೇವರ ಅಂಗರಕ್ಷಣೆಗೆ ಇಪ್ಪತ್ತು ಮಂದಿಯನ್ನು ನೇಮಿಸಿ, ಉಳಿದುದನ್ನು ಜೀರ್ಣಜಿನಾಲಯಗಳಿಗೆ ಸುಣ್ಣ ಬಳಿಸುವುದಕ್ಕೆ ವಿನಿಯೋಗಿಸತಕ್ಕದ್ದು ಎಂದು ಏರ್ಪಾಡಾಯಿತು. ಕಟ್ಟಳೆಯನ್ನು ಮೀರಿದವನು ರಾಜದ್ರೋಹಿ, ಸಂಘದ್ರೋಹಿ, ಸಮುದಾಯದ್ರೋಹಿ ಎಂದು ಶಾಸನವು ಸಾರುತ್ತದೆ. ಈ ಮೂರರಲ್ಲಿ ಅರಸನಿಗೆ ಸಂಬಂಧಿಸಿದುದು ಒಂದೇ. ಮಿಕ್ಕೆರಡೂ ತನ್ನವರ ಮುಂದೆ ತಲೆತಗ್ಗಿಸಬೇಕಾದ ಅಪರಾಧಗಳು. ರಾಜಭಟರು ತಲುಪಲಾರದ ಎಡೆಗೂ ಲೋಕಾಪವಾದವು ತಲುಪುತ್ತದೆ.

ಈ ಏರ್ಪಾಡು ನಿರ್ದೋಷವಾದುದೆಂದು ಹೇಳಲಾಗದು. ಅನ್ಯಾಯಕ್ಕೊಳಗಾದವರೇ ತಮ್ಮ ರಕ್ಷಣೆಯ ವೆಚ್ಚವನ್ನು ಹೊರಬೇಕಾಯಿತೆಂಬುದನ್ನು ಮರೆಯುವಂತಿಲ್ಲ. ಆದರೂ ಶಾಸನದ ಕಡೆಯ ಭಾಗದಲ್ಲಿ ಒಂದು ಸಂಗತಿಯಿದೆ: ರಾಯನಿಗೆ ಬಿನ್ನಹ ಮಾಡಿದ ಕಲ್ಲೆಹದ ಬುಸುವಿಸೆಟ್ಟಿಗೆ ಉಭಯ ಸಮಯದವರೂ ಕೂಡಿ ಸಂಘನಾಯಕ ಪಟ್ಟವನ್ನು ಕಟ್ಟಿದರು. ಆ ಪಟ್ಟವನ್ನು ಕೊಟ್ಟವನು ಅರಸನಲ್ಲ. ಅರಸನು ಕೈಗಳನ್ನು ಕೂಡಿಸಬಲ್ಲನು. ಕೂಡಿದ ಕೈಗಳು ಬಿಡದಂತೆ ಹಿಡಿದುಕೊಳ್ಳುವುದು ಪ್ರಜೆಗಳಿಗೇ ಸೇರಿದ ಕಾರ್ಯ. ಈ ಮೇರೆಯನ್ನು ಅರಿತು ನಡೆದುದರಿಂದಲೇ ಬುಕ್ಕರಾಯನ ಆಜ್ಞೆಗೆ ಬಲವುಂಟಾಯಿತೆನ್ನಬಹುದು.